ಬೆಂಗಳೂರಿನಿಂದ ಪಾಲಿಮರ್ ಸಂಶೋಧನೆಗೆ: ಪದವಿಯ ನಂತರದ ದಾರಿ ಹಿಡಿಯುವುದು ಹೇಗೆ?

ಪದವಿಯ ಕೊನೆಯ ಸೆಮಿಸ್ಟರ್ ಹತ್ತಿರವಾದಂತೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳು, ಕೆಮಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಪಾಲಿಮರ್ (ಪ್ಲಾಸ್ಟಿಕ್, ರಬ್ಬರ್, ನೈಲಾನ್ ಥರದ ವಸ್ತುಗಳ) ವಿಷಯದಲ್ಲಿ ಮುಂದೆ ಓದಬೇಕು, ಬೆಂಗಳೂರಿನಲ್ಲಿ ಆ ವಿಭಾಗ ಎಲ್ಲಿದೆ? ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ವಿಭಾಗಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೂ ಆ ಹೆಸರು ಸಿಗುವುದಿಲ್ಲ. ಅಲ್ಲಿಗೇ ಹುಡುಕಾಟ ನಿಲ್ಲಿಸಿ, ಬೇಡದ ಕೋರ್ಸಿಗೆ ಸೇರಿಬಿಡುವವರು ಬಹಳ. ಅಂಥವರಿಗಾಗಿಯೇ ಈ ಬರಹ. ವಿಭಾಗದ ಹೆಸರನ್ನು ಹುಡುಕುವುದನ್ನು ಬಿಟ್ಟು, ಪಾಲಿಮರ್ ಕೆಲಸ ಯಾವ ಪ್ರಯೋಗಾಲಯದಲ್ಲಿ ನಡೆಯುತ್ತಿದೆ ಎಂದು ಹುಡುಕಿದರೆ ನಮ್ಮೂರಿನಲ್ಲೇ ಹಲವು ಬಾಗಿಲುಗಳು ಕಾಣುತ್ತವೆ. ಇಡೀ ತಯಾರಿ ಈ ಒಂದು ಬದಲಾವಣೆಯಿಂದ ಶುರುವಾಗಬೇಕು.

ಮೊದಲು ನಿಮ್ಮ ಒಲವು ಯಾವ ಕಡೆ ಎಂದು ತಿಳಿಯಿರಿ

ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ, ರಬ್ಬರ್‌ನಂತಹ ವಸ್ತುಗಳು ಸಣ್ಣ ಅಣುಗಳ ಗುಂಪಲ್ಲ, ಸಾವಿರಾರು ಘಟಕಗಳು ಗಟ್ಟಿಯಾಗಿ ಬೆಸೆದುಕೊಂಡ ಉದ್ದನೆಯ ಸರಪಳಿಗಳು ಎಂದು ವಾದಿಸಿದಾಗ ಅಂದಿನ ಅನೇಕ ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ. ಆಮೇಲೆ ಈ ಕ್ಷೇತ್ರಕ್ಕೆ ಬಂದ ನೊಬೆಲ್‌ಗಳನ್ನು ನೋಡಿದರೆ ಅದರ ಹರಹು ತಿಳಿಯುತ್ತದೆ. 1963ರಲ್ಲಿ ವೇಗವರ್ಧಕಗಳಿಗಾಗಿ ಝೀಗ್ಲರ್ ಮತ್ತು ನಟ್ಟಾ, 1974ರಲ್ಲಿ ಬೃಹದಣುಗಳ ಭೌತ ರಸಾಯನಶಾಸ್ತ್ರಕ್ಕಾಗಿ ಪಾಲ್ ಫ್ಲೋರಿ, 1991ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಡಿ ಜೆನ್, 2000ದಲ್ಲಿ ವಿದ್ಯುತ್ ಹರಿಸುವ ಪ್ಲಾಸ್ಟಿಕ್‌ಗಾಗಿ ಹೀಗರ್, ಮ್ಯಾಕ್‌ಡಯರ್ಮಿಡ್ ಮತ್ತು ಶಿರಕಾವ. ಒಬ್ಬರು ಹೊಸ ಅಣು ಕಟ್ಟಿದವರು, ಒಬ್ಬರು ಸಮೀಕರಣ ಬರೆದವರು, ಇನ್ನೊಬ್ಬರು ಅದನ್ನು ಉಪಯೋಗಕ್ಕೆ ತಂದವರು.

ನೀವೂ ಇವುಗಳಲ್ಲಿ ಯಾವ ಕಡೆಗೆ ಎಂದು ಕೇಳಿಕೊಳ್ಳಬೇಕು. ಫ್ಲಾಸ್ಕಿನಲ್ಲಿ ಹೊಸದನ್ನು ತಯಾರಿಸುವುದರಲ್ಲಿ ಖುಷಿ ಇದ್ದರೆ ಸಂಶ್ಲೇಷಣೆ. ವಸ್ತು ಏಕೆ ಹೀಗೆ ಬಗ್ಗುತ್ತದೆ, ಏಕೆ ಹೀಗೆ ಹರಿಯುತ್ತದೆ ಎಂಬ ಪ್ರಶ್ನೆ ಕಾಡಿದರೆ ಪಾಲಿಮರ್ ಭೌತಶಾಸ್ತ್ರ ಮತ್ತು ರಿಯಾಲಜಿ. ಇಲ್ಲಿ ಗಣಿತ ಬೇಕು, ಕಂಪ್ಯೂಟರ್ ಸಿಮ್ಯುಲೇಷನ್ ಬಲ್ಲವರಿಗೂ ಜಾಗವಿದೆ. ಯಂತ್ರ, ಅಚ್ಚು, ನಾರು, ಸಂಯುಕ್ತ ವಸ್ತುಗಳ (ಕಾಂಪೊಸಿಟ್) ಕಡೆ ಮನಸ್ಸಿದ್ದರೆ ಪಾಲಿಮರ್ ಎಂಜಿನಿಯರಿಂಗ್. ಔಷಧವನ್ನು ದೇಹದೊಳಗೆ ಸಾಗಿಸುವ, ಗಾಯಕ್ಕೆ ಆಸರೆಯಾಗುವ ಜೈವಿಕ ಪಾಲಿಮರ್‌ಗಳ ಕೆಲಸ ಈಗ ಎಲ್ಲೆಡೆ ನಡೆಯುತ್ತಿದೆ. ಪ್ಲಾಸ್ಟಿಕ್ ತ್ಯಾಜ್ಯವನ್ನು ಮತ್ತೆ ಮೂಲ ಅಣುಗಳಿಗೆ ಒಡೆಯುವ ಸಂಶೋಧನೆಗೆ ನಮ್ಮ ನಗರದ ಕಸದ ರಾಶಿ ನೋಡಿದ ಯಾರಿಗೂ ಬೇರೆ ಸಮರ್ಥನೆ ಬೇಕಿಲ್ಲ.

ಇದೇ ಕಡೆಗೆ ಎಂದು ಈಗಲೇ ಪ್ರಮಾಣ ಮಾಡಬೇಕಾಗಿಲ್ಲ. ಆದರೆ ಅರ್ಜಿ ಬರೆಯುವ ಹೊತ್ತಿಗೆ ಎರಡು ಕಡೆಗಳಿಗೆ ಇಳಿಸಿಕೊಂಡಿರಿ.

ಅಡಿಪಾಯ ಗಟ್ಟಿಮಾಡಿಕೊಳ್ಳುವ ಕೆಲಸ

ನಮ್ಮ ಪದವಿ ತರಗತಿಗಳಲ್ಲಿ ಪಾಲಿಮರ್ ಬಹುಪಾಲು ಒಂದೇ ಅಧ್ಯಾಯ. ವರ್ಗೀಕರಣ, ನೈಲಾನ್, ಬೇಕಲೈಟ್, ಮುಗಿಯಿತು. ಸಂದರ್ಶನದಲ್ಲಿ ಕೇಳುವುದು ಇದನ್ನಲ್ಲ. ನಾಲ್ಕು ವಿಚಾರಗಳನ್ನು ಕೈಯಿಂದ ಲೆಕ್ಕ ಮಾಡಿ ಕಲಿತರೆ ಅರ್ಧ ದಾರಿ ಸಾಗಿದಂತೆ.

ಮೊದಲನೆಯದು ಸರಪಳಿ ಬೆಳೆಯುವ ಬಗೆ. ನೈಲಾನ್ ಮತ್ತು ಪಾಲಿಯೆಸ್ಟರ್ ತಯಾರಾಗುವ ಹಂತ ಹಂತದ ಕ್ರಿಯೆಯಲ್ಲಿ, ನೂರಕ್ಕೆ 95 ಭಾಗ ಕ್ರಿಯೆ ಮುಗಿದರೂ ಸರಪಳಿಯ ಸರಾಸರಿ ಉದ್ದ ಕೇವಲ 20 ಘಟಕ. 99 ಭಾಗ ಮುಗಿದರೆ 100, 99.5 ಮುಗಿದರೆ 200. 1935ರಲ್ಲಿ ನೈಲಾನ್ ರೂಪಿಸಿದ ವ್ಯಾಲೇಸ್ ಕ್ಯಾರೊದರ್ಸ್ ಅವರ ಹೆಸರಿನ, ಈ ಅಂಕಿಗಳನ್ನು ಕೊಡುವ ಸರಳ ಸಮೀಕರಣ ಅರ್ಥವಾದರೆ, ಪ್ರಯೋಗಾಲಯದಲ್ಲಿ ಎರಡು ಮೂಲವಸ್ತುಗಳನ್ನು ಅಷ್ಟು ಶುದ್ಧಗೊಳಿಸಿ, ಅಷ್ಟು ಕರಾರುವಾಕ್ಕಾಗಿ ತೂಗುವುದು ಏಕೆಂದು ತಾನಾಗಿಯೇ ತಿಳಿಯುತ್ತದೆ. ಸ್ವಲ್ಪ ನೀರಿನಂಶ ಸೇರಿದರೂ, ತೂಕ ಚೂರು ತಪ್ಪಿದರೂ ಸರಪಳಿ ಗಿಡ್ಡ.

ಎರಡನೆಯದು ಅಣುತೂಕ. ಪಾಲಿಮರಿನಲ್ಲಿ ಎಲ್ಲ ಸರಪಳಿಗಳೂ ಒಂದೇ ಉದ್ದವಿರುವುದಿಲ್ಲ, ಆದ್ದರಿಂದ ಒಂದೇ ಅಂಕಿ ಸಾಲದು. ಸಂಖ್ಯಾ ಸರಾಸರಿ ಬೇರೆ, ತೂಕದ ಸರಾಸರಿ ಬೇರೆ. ಇವೆರಡರ ಅನುಪಾತ ಹಂಚಿಕೆಯ ಅಗಲವನ್ನು ಹೇಳುತ್ತದೆ. ಇನ್ನೊಂದು ಸೋಜಿಗ: ಉದ್ದ ಸರಪಳಿಗಳು ಒಂದಕ್ಕೊಂದು ತೊಡರಿಕೊಂಡ ಮೇಲೆ, ಕರಗಿದ ಪಾಲಿಮರಿನ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಅಣುತೂಕದ ಸುಮಾರು 3.4ನೆಯ ಘಾತದಲ್ಲಿ ಏರುತ್ತದೆ. ಅಂದರೆ ಸರಪಳಿಯ ಉದ್ದ ದುಪ್ಪಟ್ಟಾದರೆ ಸ್ನಿಗ್ಧತೆ ಹತ್ತು ಪಟ್ಟಿಗೂ ಹೆಚ್ಚು. ರಸಾಯನಶಾಸ್ತ್ರಜ್ಞರು ಹೆಮ್ಮೆಯಿಂದ ತಯಾರಿಸಿದ ಉದ್ದ ಸರಪಳಿಯನ್ನು ಎಂಜಿನಿಯರ್ ಅಚ್ಚಿನೊಳಗೆ ತಳ್ಳಲಾರದೆ ಒದ್ದಾಡುವುದು ಇದಕ್ಕೇ. ಈ ವಿಷಯದಲ್ಲಿ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎರಡನ್ನೂ ಜೊತೆಗೆ ಕಲಿಯಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಗೊತ್ತಿಲ್ಲ.

ಮೂರನೆಯದು ಗಾಜಿನ ಸ್ಥಿತ್ಯಂತರ ತಾಪಮಾನ, ಅಂದರೆ ಗಾಜಿನಂತೆ ಗಡುಸಾಗಿದ್ದ ಪಾಲಿಮರ್ ಮೆದುವಾಗುವ ತಾಪಮಾನ. ನೀರಿನ ಬಾಟಲಿಗೆ ಬಳಸುವ ಪಾಲಿಯೆಸ್ಟರಿಗೆ ಇದು ಸುಮಾರು 70–80 ಡಿಗ್ರಿ ಸೆಲ್ಸಿಯಸ್. ಕುದಿಯುವ ನೀರು ಹಾಕಿದರೆ ಬಾಟಲಿ ಮುದುಡುವುದು ಅದಕ್ಕೆ. ಪಾಲಿಸ್ಟೈರೀನಿಗೆ ಸುಮಾರು 100, ನೈಸರ್ಗಿಕ ರಬ್ಬರಿಗೆ ಸೊನ್ನೆಗಿಂತ 70 ಡಿಗ್ರಿಯಷ್ಟು ಕೆಳಗೆ. 1986ರ ಜನವರಿ 28ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ಚಳಿಗೆ ಬಿಗಿದುಕೊಂಡ ರಬ್ಬರ್ ಉಂಗುರ ಬೇಗನೆ ಮೊದಲಿನ ಆಕಾರಕ್ಕೆ ಮರಳಲಿಲ್ಲ. ತಾಪಮಾನ ಮತ್ತು ಸಮಯ ಎರಡನ್ನೂ ಅವಲಂಬಿಸಿದ ಈ ವರ್ತನೆಯೇ ನಾಲ್ಕನೆಯ ವಿಚಾರ, ಅಂದರೆ ಸ್ನಿಗ್ಧ-ಸ್ಥಿತಿಸ್ಥಾಪಕತೆ. ಇದನ್ನು ಓದುವಾಗ ಸ್ಪ್ರಿಂಗ್ ಮತ್ತು ಡ್ಯಾಶ್‌ಪಾಟ್ (ದ್ರವದಿಂದ ಚಲನೆ ತಡೆಯುವ ಕೊಳವೆ) ಮಾದರಿಗಳ ಲೆಕ್ಕಗಳನ್ನು ಬಿಡಿಸದೆ ಮುಂದೆ ಹೋಗಬೇಡಿ.

ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಲಿಮರ್ ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ. ಎಂಜಿನಿಯರಿಂಗ್‌ನಿಂದ ಬಂದವರು ಸಾವಯವ ರಸಾಯನಶಾಸ್ತ್ರವನ್ನೂ, ಬಿ.ಎಸ್ಸಿ.ಯವರು ಡಿಫರೆನ್ಷಿಯಲ್ ಸಮೀಕರಣಗಳನ್ನೂ ಮತ್ತೆ ತೆರೆಯಬೇಕಾಗುತ್ತದೆ. ಇಬ್ಬರಿಗೂ ಕಷ್ಟವೇ.

ಕೆಲಸ ಎಲ್ಲೆಲ್ಲಿ ನಡೆಯುತ್ತಿದೆ

ಐಐಎಸ್‌ಸಿಯಲ್ಲಿ ಪಾಲಿಮರ್ ಸಂಶೋಧನೆ ಹಲವು ವಿಭಾಗಗಳಲ್ಲಿ ಹರಡಿಕೊಂಡಿದೆ. ಅಜೈವಿಕ ಮತ್ತು ಭೌತ ರಸಾಯನಶಾಸ್ತ್ರ, ಮೆಟೀರಿಯಲ್ಸ್ ಎಂಜಿನಿಯರಿಂಗ್, ಕೆಮಿಕಲ್ ಎಂಜಿನಿಯರಿಂಗ್, ಭೌತಶಾಸ್ತ್ರದ ಮೃದು ವಸ್ತುಗಳ ಗುಂಪುಗಳು, ಹೀಗೆ. ಪ್ರತಿ ವಿಭಾಗದ ಅಧ್ಯಾಪಕರ ಪುಟ ತೆರೆದು, ಕಳೆದ ಮೂರು ವರ್ಷಗಳ ಪ್ರಬಂಧಗಳ ಶೀರ್ಷಿಕೆ ಓದಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಂದು ವಾರಾಂತ್ಯದ ಕೆಲಸ, ಆದರೆ ಬೇರೆ ಯಾರೂ ನಿಮಗಾಗಿ ಮಾಡಿಕೊಡಲಾರರು. ವರ್ಷಕ್ಕೊಮ್ಮೆ ನಡೆಯುವ ಮುಕ್ತ ದಿನದಂದು ಸಂಸ್ಥೆಯ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ. ಅಂದು ಉಪಕರಣಗಳ ಪಕ್ಕ ನಿಂತು ವಿವರಿಸುವ ಪಿಎಚ್.ಡಿ. ವಿದ್ಯಾರ್ಥಿಗಳ ಜೊತೆ ಮಾತಾಡಿ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬೃಹದಣುಗಳು ತಾವಾಗಿ ಜೋಡಿಕೊಳ್ಳುವ ಬಗೆಯ ಕುರಿತು, ಸಾವಯವ ಎಲೆಕ್ಟ್ರಾನಿಕ್ಸ್ ಕುರಿತು ಒಳ್ಳೆಯ ಕೆಲಸವಿದೆ. ಸಂಯುಕ್ತ ವಸ್ತುಗಳೆಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್. ತೇಜಸ್ ವಿಮಾನದ ರೆಕ್ಕೆಯಲ್ಲಿರುವ ಇಂಗಾಲದ ನಾರಿನ ಸಂಯುಕ್ತ ವಸ್ತುವಿನ ಹಿಂದೆ ಈ ಊರಿನ ಪರಿಶ್ರಮವಿದೆ. ಎನ್‌ಎಎಲ್ ಸೇರಿದಂತೆ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಪ್ರಯೋಗಾಲಯಗಳಲ್ಲಿ ಪಿಎಚ್.ಡಿ. ನೋಂದಣಿ ಎಸಿಎಸ್‌ಐಆರ್ ಎಂಬ ಅಕಾಡೆಮಿಯ ಮೂಲಕ ಆಗುತ್ತದೆ. ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯಾದ ಸಿಪೆಟ್‌ನ ಸಂಶೋಧನಾ ಘಟಕವೊಂದೂ ಬೆಂಗಳೂರಿನಲ್ಲಿದೆ.

ಪಾಲಿಮರ್ ಎಂದೇ ಹೆಸರು ಹೊತ್ತ ಪದವಿ ಬೇಕೆಂದರೆ ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನ ಪಾಲಿಮರ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಭಾಗವನ್ನು ನೋಡಿ. ಯಂತ್ರಗಳ ಮೇಲೆ ಕೈ ಪಳಗಿಸಿಕೊಳ್ಳಲು ಮೈಸೂರಿನ ಸಿಪೆಟ್ ಇದೆ. ರಾಜ್ಯದ ಹೊರಗೆ ಪುಣೆಯ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ), ಮುಂಬೈಯ ಐಸಿಟಿ (ರಾಸಾಯನಿಕ ತಂತ್ರಜ್ಞಾನ ಸಂಸ್ಥೆ), ಖರಗ್‌ಪುರ ಐಐಟಿಯ ರಬ್ಬರ್ ತಂತ್ರಜ್ಞಾನ ಕೇಂದ್ರ, ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ, ದೆಹಲಿ ಮತ್ತು ರೂರ್ಕಿ ಐಐಟಿಗಳು. ರೂರ್ಕಿಯ ಪಾಲಿಮರ್ ವಿಭಾಗ ಇರುವುದು ಸಹಾರನ್‌ಪುರದ ಕ್ಯಾಂಪಸ್ಸಿನಲ್ಲಿ ಎಂಬುದನ್ನು ಮೊದಲೇ ತಿಳಿದಿರಿ.

ಓದುತ್ತಿರುವಾಗಲೇ ಕೈ ಕೆಸರು ಮಾಡಿಕೊಳ್ಳಿ

ಅರ್ಜಿಯಲ್ಲಿ ಅಂಕಗಳಿಗಿಂತ ಹೆಚ್ಚು ಮಾತಾಡುವುದು ಪ್ರಯೋಗಾಲಯದಲ್ಲಿ ಕಳೆದ ಸಮಯ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಬೇಸಿಗೆ ಬಂದಾಗ ನೋಡೋಣ ಎಂದವರಿಗೆ ಅದು ತಪ್ಪಿಹೋಗಿರುತ್ತದೆ. ಜಕ್ಕೂರಿನ ಕೇಂದ್ರವೂ ಪ್ರತ್ಯೇಕವಾಗಿ ಬೇಸಿಗೆ ಫೆಲೋಶಿಪ್ ಕೊಡುತ್ತದೆ.

ಇವೆರಡೂ ಸಿಗದಿದ್ದರೆ ಪೀಣ್ಯ ಅಥವಾ ಬೊಮ್ಮಸಂದ್ರದ ಇಂಜೆಕ್ಷನ್ ಮೋಲ್ಡಿಂಗ್ ಕಾರ್ಖಾನೆಯೊಂದರಲ್ಲಿ ರಜೆಯ ಒಂದು ತಿಂಗಳು ನಿಲ್ಲಲು ಅನುಮತಿ ಕೇಳಿ. ಪ್ಲಾಸ್ಟಿಕ್ ಹರಳುಗಳನ್ನು ಮೊದಲು ಒಣಗಿಸುವುದು ಏಕೆ, ಅಚ್ಚು ತಣ್ಣಗಾಗುವ ವೇಗ ಬದಲಾದರೆ ತುಣುಕು ಏಕೆ ಸೊಟ್ಟಗಾಗುತ್ತದೆ ಎಂದು ಅಲ್ಲಿನ ಆಪರೇಟರ್‌ಗಳನ್ನು ಕೇಳಿ ಬರೆದುಕೊಳ್ಳಿ. ಅವರಿಗೆ ಗೊತ್ತಿರುವುದು ಅಪಾರ. ಆಮೇಲೆ ಅದರ ವಿಜ್ಞಾನವನ್ನು ಪುಸ್ತಕದಲ್ಲಿ ಹುಡುಕಿ. ಸಂದರ್ಶನದಲ್ಲಿ ಈ ಅನುಭವ ಹೇಳುವ ವಿದ್ಯಾರ್ಥಿಯ ಮಾತಿನಲ್ಲಿ ಬೇರೆಯದೇ ತೂಕವಿರುತ್ತದೆ.

ಪರೀಕ್ಷೆ ಮತ್ತು ಹಣದ ಲೆಕ್ಕ

ಗೇಟ್ ಪರೀಕ್ಷೆಯ ಎಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ಪಾಲಿಮರ್ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಭಾಗವೇ ಇದೆ. ಸಾಮಾನ್ಯ ಸಾಮರ್ಥ್ಯಕ್ಕೆ 15 ಅಂಕ, ಗಣಿತ ಕಡ್ಡಾಯ 15, ಆಯ್ದುಕೊಂಡ ಎರಡು ಭಾಗಗಳಿಗೆ ತಲಾ 35. ಪಾಲಿಮರ್ ಜೊತೆಗೆ ಮೆಟೀರಿಯಲ್ಸ್ ಸೈನ್ಸ್ ಆಯ್ದುಕೊಂಡರೆ ಓದು ಒಂದಕ್ಕೊಂದು ಒದಗುತ್ತದೆ. ಆದರೆ ಒಂದು ಎಚ್ಚರಿಕೆ: ಎಲ್ಲ ವಿಭಾಗಗಳೂ ಈ ಪತ್ರಿಕೆಯನ್ನು ಒಪ್ಪುವುದಿಲ್ಲ. ಕೆಮಿಕಲ್ ಎಂಜಿನಿಯರಿಂಗ್‌ಗೆ ಸೇರಬೇಕೆಂದವರು ಅದರದ್ದೇ ಪತ್ರಿಕೆ, ರಸಾಯನಶಾಸ್ತ್ರಕ್ಕೆ ಹೋಗುವವರು ರಸಾಯನಶಾಸ್ತ್ರದ ಪತ್ರಿಕೆ ಬರೆಯುವುದು ಕ್ಷೇಮ. ಹಣ ಕಟ್ಟುವ ಮೊದಲು ನಿಮ್ಮ ಗುರಿಯ ವಿಭಾಗಗಳ ಪ್ರವೇಶ ಪ್ರಕಟಣೆ ಓದಿ. ಅರ್ಜಿ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ಅಂಕ ಮೂರು ವರ್ಷ ಚಲಾವಣೆಯಲ್ಲಿರುತ್ತದೆ. ಪದವಿಯ ಮೂರನೆಯ ವರ್ಷದಲ್ಲಿರುವವರೂ ಬರೆಯಬಹುದು.

ಬಿ.ಎಸ್ಸಿ. ಮುಗಿಸಿದವರಿಗೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಇದೆ. ಅದರ ಮೂಲಕ ಐಐಟಿಗಳ ಎಂ.ಎಸ್ಸಿ.ಗೂ, ಐಐಎಸ್‌ಸಿಯ ಸಂಯೋಜಿತ ಪಿಎಚ್.ಡಿ.ಗೂ ದಾರಿ. ಎಂ.ಎಸ್ಸಿ. ಆದವರಿಗೆ ಸಿಎಸ್‌ಐಆರ್–ಯುಜಿಸಿ ನೆಟ್. ವಿಟಿಯು ಅಡಿಯ ಎಂ.ಟೆಕ್. ಸೀಟುಗಳಿಗೆ ರಾಜ್ಯದ ಪಿಜಿಸಿಇಟಿ.

ಮನೆಯಲ್ಲಿ ಮೊದಲು ಕೇಳುವುದು ಹಣದ ಪ್ರಶ್ನೆ. ಕಿರಿಯ ಸಂಶೋಧನಾ ಫೆಲೋಗಳಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯರಾದ ಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ 12,400. ಪಿಎಚ್.ಡಿ. ಎಂದರೆ ಇನ್ನೂ ಐದು ವರ್ಷ ಅಪ್ಪ ಅಮ್ಮನ ಕೈ ನೋಡುವುದು ಎಂಬ ಭಯ ನಮ್ಮ ಎಷ್ಟೋ ಮಕ್ಕಳನ್ನು ಹಿಂದಕ್ಕೆಳೆದಿದೆ. ಈ ಅಂಕಿಗಳನ್ನು ಮನೆಯವರಿಗೆ ತೋರಿಸಿ. ಈಗಾಗಲೇ ನೌಕರಿಯಲ್ಲಿರುವವರು ಐಐಎಸ್‌ಸಿಯ ಬಾಹ್ಯ ನೋಂದಣಿ ಕಾರ್ಯಕ್ರಮವನ್ನು ವಿಚಾರಿಸಬಹುದು.

ಹೊರದೇಶಕ್ಕೆ ಹೋಗುವುದಾದರೆ

ಅಮೆರಿಕದಲ್ಲಿ ಪಾಲಿಮರ್‌ಗೆಂದೇ ಮೀಸಲಾದ ದೊಡ್ಡ ವಿಭಾಗಗಳಿವೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್, ಟೈರ್ ಕಂಪನಿಗಳ ಊರಾದ ಓಹಾಯೋದ ಆಕ್ರನ್, ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್, ಹ್ಯಾಟಿಸ್‌ಬರ್ಗ್‌ನ ಸದರ್ನ್ ಮಿಸಿಸಿಪ್ಪಿ. ಜರ್ಮನಿಯಲ್ಲಿ ಮೈಂಟ್ಸ್‌ನ ಮ್ಯಾಕ್ಸ್ ಪ್ಲಾಂಕ್ ಪಾಲಿಮರ್ ಸಂಶೋಧನಾ ಸಂಸ್ಥೆ, ಡ್ರೆಸ್ಡನ್ನಿನ ಲೈಬ್ನಿಟ್ಸ್ ಸಂಸ್ಥೆ.

ಎರಡು ದೇಶಗಳ ಪದ್ಧತಿ ಬೇರೆ ಬೇರೆ. ಅಮೆರಿಕದಲ್ಲಿ ಬಿ.ಇ. ಮುಗಿಸಿ ನೇರವಾಗಿ ಪಿಎಚ್.ಡಿ.ಗೆ ಹೋಗಬಹುದು, ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ಮೇಲೆ ಸ್ಟೈಪೆಂಡ್ ಸಿಗುತ್ತದೆ, ಬಹಳಷ್ಟು ಕಡೆ ಮಾರ್ಗದರ್ಶಕರನ್ನು ಆರಿಸುವುದು ಸೇರಿದ ಮೇಲೆ. ಜರ್ಮನಿಯಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು, ಮತ್ತು ಅದು ಹಲವೆಡೆ ಒಪ್ಪಂದ, ಸಂಬಳ ಇರುವ ಉದ್ಯೋಗ. ನೀವು ಒಬ್ಬ ಪ್ರಾಧ್ಯಾಪಕರ ನಿರ್ದಿಷ್ಟ ಹುದ್ದೆಗೇ ಅರ್ಜಿ ಹಾಕುತ್ತೀರಿ. ಅಲ್ಲಿ ಎಂ.ಎಸ್ಸಿ. ಮಾಡುವುದಾದರೆ ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ಬೇಕು. ವಿದ್ಯಾರ್ಥಿವೇತನವಿಲ್ಲದವರು ವೀಸಾಕ್ಕಾಗಿ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಹಣ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಇದು ವರ್ಷಕ್ಕೆ 11,904 ಯೂರೋ. ಮೂರು ವರ್ಷದ ಬಿ.ಎಸ್ಸಿ. ಮಾತ್ರ ಇದ್ದರೆ ಎರಡೂ ದೇಶಗಳಲ್ಲಿ ತೊಡಕಾಗಬಹುದು. ಎಂ.ಎಸ್ಸಿ. ಮುಗಿಸಿ ಹೋಗುವುದು ಒಳ್ಳೆಯದು ಎಂಬುದು ನನ್ನ ಸಲಹೆ.

ನಗರದ ತುಂಬ ಇರುವ ವಿದೇಶಿ ವ್ಯಾಸಂಗದ ಸಲಹಾ ಕೇಂದ್ರಗಳಲ್ಲಿ ಅನೇಕವಕ್ಕೆ ವಿದ್ಯಾರ್ಥಿ ಸೇರಿದರೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ. ಆದ್ದರಿಂದ ಅವು ಶುಲ್ಕ ಕಟ್ಟುವ ಸ್ನಾತಕೋತ್ತರ ಕೋರ್ಸುಗಳ ಕಡೆಗೇ ದಾರಿ ತೋರಿಸುವುದು ಸಹಜ. ಸಂಶೋಧನೆಗೆ ಹೋಗುವವರು ತಾವೇ ಅರ್ಜಿ ಹಾಕಬಹುದು, ಹಾಕಬೇಕು. ಅರ್ಜಿ ಶುಲ್ಕ ಭಾರವಾದರೆ ವಿಭಾಗಕ್ಕೆ ಪತ್ರ ಬರೆದು ವಿನಾಯಿತಿ ಕೇಳಿ, ಕೊಡುವವರಿದ್ದಾರೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಗಳಿವೆ. 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ದತ್ತಿಯ ಸಾಲ-ವಿದ್ಯಾರ್ಥಿವೇತನ ಇಂದಿಗೂ ನಡೆಯುತ್ತಿದೆ.

ಕಾಗದಪತ್ರ, ಅದರಲ್ಲೂ ಹೆಸರು

ಕರ್ನಾಟಕದವರಿಗೆ ಇಲ್ಲಿ ಒಂದು ವಿಶೇಷ ತೊಡಕು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು. ಪಾಸ್‌ಪೋರ್ಟಿನ ಉಪನಾಮದ ಜಾಗದಲ್ಲಷ್ಟೇ ಹೆಸರಿದ್ದು ಇನ್ನೊಂದು ಖಾಲಿ ಇದ್ದರೆ, ಅಮೆರಿಕದ ವೀಸಾದಲ್ಲಿ ನಿಮ್ಮ ಮೊದಲ ಹೆಸರು ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ತಿಳಿದಿಲ್ಲ' ಎಂದಾಗುತ್ತದೆ. ಅರ್ಜಿಗೆ ಒಂದು ವರ್ಷ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ, ಇಂಗ್ಲಿಷ್ ಪರೀಕ್ಷೆಗೂ ಪಾಸ್‌ಪೋರ್ಟಿನ ಹೆಸರನ್ನೇ ಕೊಡಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಲು ವಾರಗಳು ಹಿಡಿಯಬಹುದು. ಅಕ್ಟೋಬರಿನೊಳಗೆ ಕೈಯಲ್ಲಿರಲಿ, ಏಕೆಂದರೆ ಅಮೆರಿಕದ ಗಡುವುಗಳು ಹೆಚ್ಚಾಗಿ ಡಿಸೆಂಬರ್–ಜನವರಿಯಲ್ಲಿ.

ಶಿಫಾರಸು ಪತ್ರಕ್ಕೆ ನಿಮ್ಮ ಕೆಲಸ ಕಣ್ಣಾರೆ ಕಂಡವರನ್ನು ಕೇಳಿ. ಪ್ರಾಂಶುಪಾಲರ ಹೊಗಳಿಕೆಗಿಂತ ಪ್ರಾಜೆಕ್ಟ್ ಮಾಡಿಸಿದ ಕಿರಿಯ ಅಧ್ಯಾಪಕರ ನಾಲ್ಕು ವಿವರಗಳು ಮೇಲು. ಉದ್ದೇಶ ಪತ್ರದಲ್ಲಿ ಬಾಲ್ಯದ ಕನಸು ಬೇಡ. ನೀವು ಮಾಡಿದ ಒಂದು ಪ್ರಯೋಗ, ಅದರಲ್ಲಿ ಎದುರಾದ ತೊಂದರೆ, ಅದಕ್ಕೆ ನೀವು ಯೋಚಿಸಿದ ಕಾರಣ, ಮುಂದೆ ಕೇಳಬೇಕೆಂದಿರುವ ಪ್ರಶ್ನೆ, ಇಷ್ಟಿರಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ. ಯೋಚನೆ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ಹೋದರೆ ವಾಕ್ಯಗಳು ಚಿಕ್ಕದಾಗಿ, ನೇರವಾಗಿ ಬರುತ್ತವೆ.

ಮಾರ್ಗದರ್ಶಕರಿಗೆ ಪತ್ರ, ಆಮೇಲೆ ಆಯ್ಕೆ

ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಿದರೆ ಐವತ್ತು ಕಡೆಯೂ ಅದು ಕಸದ ಬುಟ್ಟಿಗೆ. ಒಬ್ಬರ ಇತ್ತೀಚಿನ ಪ್ರಬಂಧವೊಂದನ್ನು ಪೂರ್ತಿ ಓದಿ, ಅದರಲ್ಲಿ ನಿಮಗೆ ಹುಟ್ಟಿದ ಒಂದು ಪ್ರಶ್ನೆಯನ್ನು ಬರೆಯಿರಿ. ಹತ್ತು ಸಾಲು ಸಾಕು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ.

ಅವಕಾಶ ಸಿಕ್ಕಾಗ ಆ ಪ್ರಯೋಗಾಲಯದ ಈಗಿನ ವಿದ್ಯಾರ್ಥಿಗಳ ಜೊತೆ ಮಾತಾಡದೆ ಒಪ್ಪಬೇಡಿ. ಹಿಂದಿನವರು ಪದವಿ ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು, ಈಗ ಎಲ್ಲಿದ್ದಾರೆ, ನಡುವೆ ಬಿಟ್ಟುಹೋದವರಿದ್ದಾರೆಯೇ? ಅಣುತೂಕ ಅಳೆಯುವ ಜಿಪಿಸಿ ಕೆಟ್ಟರೆ ಎಷ್ಟು ದಿನ ಕೆಲಸ ನಿಲ್ಲುತ್ತದೆ? ಡಿಎಸ್‌ಸಿ, ರಿಯೋಮೀಟರ್, ಎನ್‌ಎಂಆರ್‌ನಂತಹ ಅಳತೆಯ ಉಪಕರಣಗಳು ಕಟ್ಟಡದಲ್ಲೇ ಇವೆಯೇ, ಬೇರೆಡೆ ಸಾಲಿನಲ್ಲಿ ಕಾಯಬೇಕೇ? ದ್ರಾವಕಗಳ ಕೆಲಸ ಫ್ಯೂಮ್ ಹುಡ್‌ನೊಳಗೇ ನಡೆಯುತ್ತದೆಯೇ? ಕೊನೆಯ ಪ್ರಶ್ನೆ ನಿಮ್ಮ ಆರೋಗ್ಯದ್ದು, ಸಂಕೋಚ ಬೇಡ. ಭೇಟಿ ಕೊಟ್ಟ ದಿನ ಕಣ್ಣಾರೆ ನೋಡಿ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ಟೈಪೆಂಡ್ ಸಹಿತ ಪ್ರವೇಶಕ್ಕೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯ ಕೊಡುವ ಒಪ್ಪಂದಕ್ಕೆ ಸಹಿ ಹಾಕಿವೆ; ಅದಕ್ಕೂ ಮೊದಲು ನಿಮ್ಮನ್ನು ಅವಸರ ಮಾಡುವಂತಿಲ್ಲ. ಇಲ್ಲಿನ ಸಂದರ್ಶನಗಳು ಏಪ್ರಿಲ್–ಮೇ ಹೊತ್ತಿಗೂ ನಡೆಯುವುದರಿಂದ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಒಂದು ಕಡೆ ಒಪ್ಪಿಕೊಂಡ ದಿನವೇ ಉಳಿದ ಕಡೆಗಳಿಗೆ ಬರುವುದಿಲ್ಲವೆಂದು ಬರೆದು ತಿಳಿಸಿ. ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಆ ಸ್ಥಾನ ಹೋಗಬೇಕಾಗಿರುತ್ತದೆ, ಅವರಿಗೂ ಗಡುವು ಅದೇ.